ನಬಿಲಾಲನ ಲಿವರಿನಲ್ಲಿ ನಾಲ್ಕು ತಾಲ್ಲೂಕಿನ ಶಿರಾ

ನಬಿಲಾಲನ ಕತೆ ಶುರುವಾದದ್ದು ಇಂಡಿ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮೂವತ್ತು ವರ್ಷದ ಹಿಂದಿನ ಒಂದು ಆಗಸ್ಟ್ ತಿಂಗಳಲ್ಲಿ. ಸ್ವಾತಂತ್ರ್ಯ ದಿನಕ್ಕೆ ಬಿಳಿ ಪ್ಯಾಂಟು ಬೇಕೆಂದು ಶಾಲೆಯ ಮಾಸ್ತರರೊಬ್ಬರು ಅವನ ಟೇಲರ್ ಅಂಗಡಿಯ ಮೆಟ್ಟಿಲು ಹತ್ತಿದ್ದರು. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಕೊರಳಲ್ಲಿ ಜೋತುಬಿದ್ದ ಟೇಪಿಗೂ ಅವನಿಗೂ ಅಗಲದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಮಾಸ್ತರರ ಸೊಂಟಕ್ಕೆ ಟೇಪು ಸುತ್ತುತ್ತಲೇ ಅವನು ಕೇಳಿದ್ದು ಪ್ಯಾಂಟಿನ ಮಾತನ್ನಲ್ಲ.

"ಸರ್, ನಿಮ್ಮ ಮನ್ಯಾಗ ಮದವಿ ಆಗಬೇಕಾದವ್ರು ಯಾರ್ ಅದಾರ್ರಿ?"

"ನಾ ಪ್ಯಾಂಟ್ ಹೊಲಿಸಾಕ ಬಂದೇನೋ, ಮಾರಾಯಾ."

"ಪ್ಯಾಂಟ್ ಒಂದ್ ದಿನದ ಕೆಲಸರಿ ಸರ್. ಸಂಬಂಧಕ್ಕ ಟೈಮ್ ಹಿಡೀತೈತಿ."

ಪ್ಯಾಂಟು ಆಗಸ್ಟ್ ಇಪ್ಪತ್ತಕ್ಕೆ ಸಿದ್ಧವಾಯಿತು. ಮಾಸ್ತರರ ತಮ್ಮನಿಗೆ ಹೆಣ್ಣು ಅದೇ ತಿಂಗಳ ಹದಿನಾಲ್ಕಕ್ಕೇ ಸಿದ್ಧವಾಗಿತ್ತು.

ನಬಿಲಾಲನ ಜೀವನವೆಂದರೆ ಇಷ್ಟೇ. ಹಗಲು ಬಟ್ಟೆ ಹೊಲಿಯುವುದು, ವಾರಕ್ಕೆ ಒಂದೆರಡು ದಿನ ಅಂಗಡಿಗೆ ಬಾಗಿಲು ಹಾಕಿ ಮನೆತನಗಳನ್ನು ಹೊಲಿಯಲು ಹೋಗುವುದು. ಇಂಡಿಯ ಹುಡುಗಿಯನ್ನು ಸಿಂದಗಿಗೆ, ಸಿಂದಗಿಯವಳನ್ನು ಮುದ್ದೇಬಿಹಾಳಕ್ಕೆ, ಮುದ್ದೇಬಿಹಾಳದವಳನ್ನು ಬಸವನ ಬಾಗೇವಾಡಿಗೆ ಅವನು ಜೋಡಿಸುತ್ತ ಬಂದ. ಇದಕ್ಕೆ ಅವನು ಕೈಚಾಚಿ ಏನನ್ನೂ ಪಡೆದವನಲ್ಲ. ಬಾಯಿ ತೆರೆದು ಮಾತ್ರ ಪಡೆಯುತ್ತಿದ್ದ.

ಅದಕ್ಕೆ ಕಾರಣ ಆ ಕಡೆಯ ಒಂದು ರೂಢಿ. ಹೆಣ್ಣು ನೋಡಲು ಹೋದ ಮನೆಯಲ್ಲಿ ಸಿಹಿ ಬಂದಾಗ ಮೊದಲ ತುತ್ತು ಮಧ್ಯಸ್ಥನದು. ಅವನು ತಟ್ಟೆಯನ್ನು ಬರಿದು ಮಾಡಿದರೆ ಸಂಬಂಧ ಒಪ್ಪಿಗೆಯಾದಂತೆ. ತುತ್ತು ಮುಟ್ಟದೆ ತಟ್ಟೆಯನ್ನು ಸರಿಸಿದರೆ, ಬಾಯಿಬಿಟ್ಟು ಹೇಳಲಾಗದ 'ಒಲ್ಲೆ'ಯನ್ನು ಹೇಳಿದಂತೆ. ಎರಡೂ ಕಡೆಯ ಮಾನ ಉಳಿಯುವ ಜಾಣ ಪದ್ಧತಿ. ಉಳಿಯದಿದ್ದದ್ದು ನಬಿಲಾಲನ ಸೊಂಟ ಮಾತ್ರ. ಮನೆಯವರು ಒಂದು ತಟ್ಟೆಗೆ ಬಿಡುತ್ತಿರಲಿಲ್ಲ. "ಇನ್ನೊಂದ್ ಚೂರು ಚಾಚಾ, ನನ್ನ ಮ್ಯಾಲಿನ ಆಣಿ" ಎನ್ನುವರು. ಆಣೆಯನ್ನು ಮುರಿಯುವಷ್ಟು ಕಲ್ಲುಮನಸ್ಸು ಅವನಿಗೆ ಎಂದೂ ಇರಲಿಲ್ಲ, ತುಪ್ಪದಲ್ಲಿ ಮುಳುಗಿದ ರವೆಯ ಶಿರಾದ ಮುಂದಂತೂ ಮೊದಲೇ ಇರಲಿಲ್ಲ.

ಸಂಬಂಧ ಕುದುರಿಸುವಾಗ ಅವನು ಕೊಡುತ್ತಿದ್ದ ಭರವಸೆ ಒಂದೇ. "ಹುಡುಗ ಕುಡಿಯಂಗಿಲ್ಲ. ಇದು ನನ್ನ ಜಬಾನ." ಆ ನಾಲಿಗೆಯನ್ನು ಜನ ನಂಬುತ್ತಿದ್ದರು. ಅವನು ವರನ ಊರಿಗೆ ಮೂರು ಸಲ ಹೋಗಿ, ಚಹಾದಂಗಡಿಯಲ್ಲಿ ಕುಳಿತು, ಕೇಳಬೇಕಾದವರನ್ನು ಕೇಳಿಯೇ ಆ ಮಾತು ಆಡುತ್ತಿದ್ದ. ಅವನಿಗೆ ಕತ್ತರಿ ಹಿಡಿಯಲು ಕಲಿಸಿದ ಉಸ್ತಾದ ಕುಡಿದು ಕುಡಿದು, ಹೊಟ್ಟೆ ಬಿಂದಿಗೆಯಂತೆ ಉಬ್ಬಿ, ಕಣ್ಣು ಅರಿಶಿನವಾಗಿ ಸತ್ತಿದ್ದ. ಕೊನೆಯ ಹದಿನೈದು ದಿನ ಅವನ ಬಾಯಿಗೆ ನೀರು ಬಿಟ್ಟವನು ನಬಿಲಾಲ. ಅಂದಿನಿಂದ 'ಲಿವರು' ಎಂಬ ಮಾತು ಕಿವಿಗೆ ಬಿದ್ದರೆ ಅವನಿಗೆ ಆ ಹಳದಿ ಕಣ್ಣುಗಳೇ ನೆನಪಾಗುತ್ತಿದ್ದವು.

ಹೋದ ವರ್ಷದ ಬೇಸಿಗೆಯಲ್ಲಿ ಬಲಗಡೆಯ ಪಕ್ಕೆಯ ಕೆಳಗೆ ಏನೋ ಭಾರವಾಗತೊಡಗಿತು. ಗ್ಯಾಸ್ ಎಂದು ಅವನೇ ತೀರ್ಮಾನಿಸಿ ಎರಡು ತಿಂಗಳು ಸೋಡಾ ಕುಡಿದ. ಕೊನೆಗೆ ಹೆಂಡತಿ ರಾಜಬಿ ಅವನನ್ನು ಮುಂದೆ ಹಾಕಿಕೊಂಡು ಡಾಕ್ಟರ್ ಶ್ರೀಶೈಲರ ದವಾಖಾನೆಗೆ ಹೊರಟಳು. ಡಾಕ್ಟರು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. ವರದಿಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ನಬಿಲಾಲನ ಹೊಟ್ಟೆಯನ್ನು ನೋಡಿದರು. ಎರಡೂ ಒಂದೇ ಮಾತು ಹೇಳುತ್ತಿದ್ದಂತೆ ಕಂಡಿತು.

"ಟೇಲರ್ ಸಾಹೇಬ್ರ, ಕುಡೀತೀರೇನ್ರಿ?"

"ತೋಬಾ ತೋಬಾ! ಇಲ್ರಿ ಡಾಕ್ಟರ್."

"ಹಬ್ಬ, ಮದವಿ, ಗೆಳೆಯರ ಕೂಡ… ಸ್ವಲ್ಪನೂ?"

"ಸೋಡಾ ಕುಡೀತೇನ್ರಿ."

"ಮುಚ್ಚಿಟ್ರ ಔಷಧ ಕೊಡಾಕ ಬರಂಗಿಲ್ಲ, ನೋಡ್ರಿ."

"ಡಾಕ್ಟರ್," ಎಂದಳು ರಾಜಬಿ, "ಇವ್ರು ಕುಡಿಯೂದಕ್ಕ ಹೊಟ್ಟ್ಯಾಗ ಜಾಗಾ ಎಲ್ಲೈತ್ರಿ? ಎಲ್ಲಾ ಶಿರಾನ ತುಂಬೇತಿ."

ಡಾಕ್ಟರು ನಕ್ಕರು. ಲಿವರಿನಲ್ಲಿ ಕೊಬ್ಬು ಸೇರಿದಂತೆ ಕಾಣುತ್ತದೆ, ಆದರೆ ಇದೊಂದೇ ಚಿತ್ರ ನೋಡಿ ಖಾತ್ರಿ ಹೇಳಲಾಗದು ಎಂದರು. ರಕ್ತ ಪರೀಕ್ಷೆಯಾಗಬೇಕು, ಕಾಮಣಿ ಅಂದರೆ ಕಾಮಾಲೆಯ ಸೋಂಕು ಇಲ್ಲವೆಂದು ತಿಳಿಯಬೇಕು, ಸಕ್ಕರೆ ನೋಡಬೇಕು. ಆಮೇಲೆ ವಿಜಯಪುರಕ್ಕೆ ಹೋಗಿ, ಲಿವರು ಗಟ್ಟಿಯಾಗಿದೆಯೋ ಮೆತ್ತಗಿದೆಯೋ ಎಂದು ಅಳೆಯುವ ಇನ್ನೊಂದು ಸ್ಕ್ಯಾನ್ ಮಾಡಿಸಬೇಕು. ಅದರ ತಾರೀಖು ಒಂದೂವರೆ ತಿಂಗಳಿಗೆ ಸಿಕ್ಕಿತು.

"ಗಟ್ಟಿ ಆಗಿದ್ರ ಏನ್ರಿ?" ನಬಿಲಾಲನ ದನಿ ಇಳಿದಿತ್ತು.

"ಅದನ್ನ ಆಮ್ಯಾಲ ನೋಡೂನು. ಸದ್ಯ ಸಕ್ಕರಿ, ಎಣ್ಣಿ, ಸಿಹಿ ಬಂದ್. ದಿನಾ ನಲವತ್ತೈದು ನಿಮಿಷ ನಡೀರಿ. ತೊಂಬತ್ತೊಂದು ಕಿಲೋ ಅದೀರಿ, ಎಂಟು ಕಿಲೋ ಇಳಿಸ್ರಿ."

ಊರವರ ಸೊಂಟವನ್ನೆಲ್ಲ ಬಾಯಿಪಾಠ ಹೇಳಬಲ್ಲ ನಬಿಲಾಲ ತನ್ನ ಸೊಂಟವನ್ನು ಎಷ್ಟೋ ವರ್ಷದಿಂದ ಅಳೆದಿರಲಿಲ್ಲ. ಪ್ಯಾಂಟು ಬಿಗಿಯಾದಾಗಲೆಲ್ಲ ಹಿಂದಿನ ಹೊಲಿಗೆ ಬಿಚ್ಚಿ ಒಳಗಿನ ಬಟ್ಟೆಯನ್ನು ಒಂದು ಬೆರಳಗಲ ಬಿಡುತ್ತಿದ್ದ. ಒಳಗೆ ಬಿಡಲು ಬಟ್ಟೆ ಇರುವವರೆಗೆ ಟೇಲರನಿಗೆ ಬೊಜ್ಜು ಬರುವುದಿಲ್ಲ ಎಂಬುದು ಅವನ ನಂಬಿಕೆಯಾಗಿತ್ತು. ಆ ದಿನ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಟೇಪು ಸುತ್ತಿ ನೋಡಿದ. ನಲವತ್ತೆರಡೂವರೆ. ಟೇಪು ಹಳೆಯದು, ಜಗ್ಗಿರಬೇಕು ಎಂದುಕೊಂಡು ಹೊಸ ಟೇಪು ತೆಗೆದ. ಅದು ನಲವತ್ಮೂರು ಹೇಳಿತು. ಮತ್ತೆ ಹಳೆಯದನ್ನೇ ಕೊರಳಿಗೆ ಹಾಕಿಕೊಂಡ.

ಈ ಸಂಗತಿ ಯಾರಿಗೂ ತಿಳಿಯಬಾರದೆಂದು ಗಂಡ ಹೆಂಡಿರು ಮಾತಾಡಿಕೊಂಡರು. ಮರುದಿನ ಮಧ್ಯಾಹ್ನದೊಳಗೆ ಓಣಿಯಲ್ಲಿ ಔಷಧ ಹೇಳದೆ ಉಳಿದವರು ತೊಟ್ಟಿಲ ಕೂಸುಗಳು ಮಾತ್ರ. ರಾಜಬಿ ಒಬ್ಬಳೇ ಒಬ್ಬಳಿಗೆ ಹೇಳಿದ್ದಳಂತೆ. ಒಬ್ಬರು ನೆಲನೆಲ್ಲಿಯ ರಸ ಎಂದರು. ಇನ್ನೊಬ್ಬರು ನಸುಕಿನಲ್ಲಿ ಎರಡು ನಿಂಬೆಹಣ್ಣು ಹಿಂಡಿ ಕುಡಿಯಲು ಹೇಳಿದರು. ನಿಂಬೆಗೆ ಹೆಸರಾದ ಇಂಡಿಯಲ್ಲಿ ಆ ಹಣ್ಣಿನಿಂದ ವಾಸಿಯಾಗದ ಕಾಯಿಲೆ ಇನ್ನೂ ಹುಟ್ಟಿಲ್ಲ. ಪ್ಯಾಂಟಿನ ಜಿಪ್ ಹಾಕಿಸಲು ಬಂದ ತಬ್ರೇಜ, ಲಿವರಿಗೆ ಕಬ್ಬಿನ ಹಾಲಿನಂಥ ಮದ್ದಿಲ್ಲ, ದಿನಕ್ಕೆ ಮೂರು ಗ್ಲಾಸು ಎಂದ. ಅವನ ಅಣ್ಣನ ಕಬ್ಬಿನ ಹಾಲಿನ ಗಾಡಿ ಎದುರಿಗೇ ನಿಂತಿತ್ತು.

ರಾಜಬಿಯ ಮದ್ದು ಇವೆಲ್ಲವನ್ನೂ ಮೀರಿಸಿತು. ಲಿವರು ಸೋತಿದೆ ಎಂದರೆ ಅದಕ್ಕೆ ಲಿವರಿನದೇ ಬಲ ಬೇಕಲ್ಲವೆ? ಅವಳು ಸತತ ಐದು ದಿನ ಕುರಿಯ ಕಲೇಜಿ, ಅಂದರೆ ಲಿವರನ್ನೇ ತರಿಸಿ, ಎಣ್ಣೆಯಲ್ಲಿ ಘಮಘಮ ಹುರಿದು ಬಡಿಸಿದಳು. ನಬಿಲಾಲನೂ ಔಷಧವೆಂದು ಕಹಿಮುಖ ಮಾಡಿಕೊಂಡು ಎರಡೆರಡು ಸಲ ಹಾಕಿಸಿಕೊಂಡ. ಆರನೆಯ ದಿನ ಡಾಕ್ಟರಿಗೆ ವಿಷಯ ಗೊತ್ತಾಗಿ ಅವರು ಹಣೆ ಒತ್ತಿಕೊಂಡರು.

"ತಂಗಿ, ಕಾಲ್ ಮುರದವ್ರಿಗೆ ಕಾಲ್ ಸೂಪ್ ಕೊಡೂದು ಕೇಳೇನಿ. ಇದನ್ನ ಯಾರ್ ಹೇಳಿದ್ರವಾ?"

"ಯಾರ್ ಹೇಳಬೇಕ್ರಿ, ನನಗ ಅಷ್ಟೂ ತಿಳಿಯಂಗಿಲ್ಲೇನ್ರಿ?" ಎಂದಳು ರಾಜಬಿ ಅಭಿಮಾನದಿಂದ.

ರಕ್ತದ ವರದಿ ಬಂದಾಗ ಕಾಮಣಿಯ ಸೋಂಕು ಇಲ್ಲವೆಂದು ತಿಳಿಯಿತು. ಸಕ್ಕರೆ ಗಡಿಯ ಮೇಲೆ ಕುಳಿತು ಆ ಕಡೆ ಕಾಲು ಚಾಚಿತ್ತು. ಲಿವರಿನ ಅಂಕಿಗಳು ಇರಬೇಕಾದದ್ದಕ್ಕಿಂತ ಮೇಲಿದ್ದವು. ಉಳಿದದ್ದು ವಿಜಯಪುರದ ಸ್ಕ್ಯಾನ್. ನಬಿಲಾಲ ನಿಜವಾಗಿ ಹೆದರಿದ. ಬೆಳಿಗ್ಗೆ ಎದ್ದೊಡನೆ ಕನ್ನಡಿಯಲ್ಲಿ ಕಣ್ಣಿನ ಬಿಳಿ ಭಾಗವನ್ನು ನೋಡಿಕೊಳ್ಳುವುದು ಅವನ ಮೊದಲ ಕೆಲಸವಾಯಿತು. ಸಿಹಿ ಬಿಟ್ಟ. ಚಹಾಕ್ಕೆ ಸಕ್ಕರೆ ಬಿಟ್ಟ. ದಿನವೂ ನಡೆಯತೊಡಗಿದ.

ಇಂಥ ಹೊತ್ತಿನಲ್ಲಿಯೇ ಮೆಹನಾಜಳ ಸಂಬಂಧ ಬಂತು. ಮೆಹನಾಜ ಬಸವನ ಬಾಗೇವಾಡಿಯ ಅಖ್ತರಬೇಗಮಳ ಮೊಮ್ಮಗಳು, ತಂದೆಯಿಲ್ಲದ ಹುಡುಗಿ. ಅವಳ ತಂದೆಯನ್ನು ತಿಂದದ್ದು ಕುಡಿತವೇ. ಹಾಗಾಗಿ ಅಜ್ಜಿಯದು ಒಂದೇ ಶರತ್ತು: ಹುಡುಗ ಕುಡಿಯಬಾರದು. ನಬಿಲಾಲ ನೋಡಿಟ್ಟಿದ್ದ ವರ ಸಿಂದಗಿಯ ಶಾನವಾಜ, ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಒಳ್ಳೆಯ ಹುಡುಗ. ಮೂರಲ್ಲ, ಐದು ಸಲ ಸಿಂದಗಿಗೆ ಹೋಗಿ ವಿಚಾರಿಸಿ ಬಂದಿದ್ದ. ನಿಗದಿಯಾದ ದಿನ ವರನ ತಂದೆ ಮಂಜೂರನನ್ನೂ ನಾಲ್ಕು ಜನರನ್ನೂ ಕರೆದುಕೊಂಡು ಬಾಗೇವಾಡಿಗೆ ಹೋದ. ಮಾತು ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಶಿರಾ ಬಂತು.

ಗೋಡಂಬಿ, ದ್ರಾಕ್ಷಿ ಹೊದ್ದುಕೊಂಡು, ಅಂಚಿನಲ್ಲಿ ತುಪ್ಪ ಬಿಡುತ್ತ ನಬಿಲಾಲನ ಮುಂದೆ ಕುಳಿತಿತು. ಅವನು ಅದನ್ನು ನೋಡಿದ. ನಲವತ್ಮೂರು ಎಂದಿತು ಒಳಗಿನಿಂದ ಒಂದು ದನಿ. ಉಸ್ತಾದನ ಕಣ್ಣು ನೆನಪಾಯಿತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಕೈ ತಟ್ಟೆಯನ್ನು ಸರಿಸಿಬಿಟ್ಟಿತು.

ಬಾಗಿಲ ಪರದೆಯ ಹಿಂದೆ ಯಾರೋ ಬಿಕ್ಕಿದರು.

"ಯಾಕಪಾ ನಬಿಲಾಲ," ಎಂದಳು ಅಖ್ತರಬೇಗಂ ನಿಧಾನವಾಗಿ, "ನನ್ನ ಮೊಮ್ಮಗಳಿಗೆ ಏನ್ ಕಡಿಮಿ ಆಗೇತಿ?"

"ಏನೂ ಇಲ್ಲ ಖಾಲಾ! ಹುಡುಗಿ ಬಂಗಾರ ಐತಿ. ಇದು… ಇದು ನಂದು…" ಅವನು ಅಂಗಿಯ ಜೇಬಿನಿಂದ ಮಡಿಸಿದ ವರದಿಯನ್ನು ತೆಗೆದು ಮುಂದಿಟ್ಟ. "ಡಾಕ್ಟರ್ ಸಿಹಿ ಬ್ಯಾಡ ಅಂದಾರು. ಲಿವರಿನ ತ್ರಾಸ ಐತಿ ಖಾಲಾ."

ಇದ್ದ ಮಾತನ್ನು ಹೇಳಿದರೆ ಎಲ್ಲ ಸರಿಹೋಗುತ್ತದೆಂದು ಅವನು ತಿಳಿದಿದ್ದ. ಮೂವತ್ತು ವರ್ಷ ಸಂಬಂಧ ಕುದುರಿಸಿದ ಮನುಷ್ಯನಿಗೆ ಇಷ್ಟು ಮುಗ್ಧತೆ ಹೇಗೆ ಉಳಿದಿತ್ತೋ ತಿಳಿಯದು. ಅಖ್ತರಬೇಗಂ ಬೇರೆಲ್ಲವನ್ನೂ ಬಿಟ್ಟು 'ಲಿವರು' ಎಂಬುದೊಂದನ್ನು ಹಿಡಿದಳು. ಕುಡಿದು ಸತ್ತ ಅವಳ ಮಗನಿಗೂ ಡಾಕ್ಟರು ಹೇಳಿದ್ದು ಅದೇ ಮಾತು.

"ಅಂದ್ರ ನೀನೂ ಕುಡೀತಿ."

"ಇಲ್ಲ ಖಾಲಾ, ಖುದಾನ ಮ್ಯಾಲಿನ ಆಣಿ…"

"ನನ್ನ ಮಗಾನೂ ಹಿಂಗಽ ಆಣಿ ಮಾಡತಿದ್ದ." ಆಮೇಲೆ ಮಂಜೂರನ ಕಡೆಗೆ ತಿರುಗಿದಳು. "ಇಂವಾ ಕುಡಿದು, ನಿಮ್ಮ ಹುಡುಗ ಕುಡಿಯಂಗಿಲ್ಲ ಅಂತ ಸಾಕ್ಷಿ ಹೇಳಿದ್ರ ನಾ ಹೆಂಗ್ ನಂಬಲಿ? ನಿಮ್ಮ ಹುಡುಗಂದೂ ಲಿವರ್ ತೋರಸ್ರಿ. ಫೋಟೋ ತಂದು ಇಲ್ಲಿ ಇಡ್ರಿ."

"ಹುಡುಗನ ಫೋಟೋ ಕೊಟ್ಟೇವಲ್ರಿ!" ಎಂದ ಮಂಜೂರ.

"ಮಾರಿ ಫೋಟೋ ಬ್ಯಾಡ. ಹೊಟ್ಟಿ ಫೋಟೋ."

ಮಂಜೂರನಿಗೆ ಸಿಟ್ಟು ನೆತ್ತಿಗೇರಿತು. ಹೆಣ್ಣು ಕೇಳಲು ಬಂದವರಿಗೆ ಹೊಟ್ಟೆಯ ಫೋಟೋ ಕೇಳಿದ ಮನೆ ಇದೇ ಮೊದಲು ಎಂದು ಎದ್ದು ನಿಂತ. ಶಿರಾ ಆರಿತು. ಅಂದು ಇಂಡಿಗೆ ಮರಳುವ ಬಸ್ಸಿನಲ್ಲಿ ನಬಿಲಾಲನ ಪಕ್ಕದಲ್ಲಿ ಯಾರೂ ಕೂಡಲಿಲ್ಲ. ಹೊಟ್ಟೆಯ ದೆಸೆಯಿಂದ ಅಲ್ಲಿ ಜಾಗವಿರಲಿಲ್ಲ ಎಂಬುದೂ ಒಂದು ಕಾರಣವಿರಬಹುದು.

ಸುದ್ದಿ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವಷ್ಟರಲ್ಲಿ ನಬಿಲಾಲನಿಗೆ ದಿನವೂ ಅರ್ಧ ಬಾಟಲಿ ಬೇಕಾಗುತ್ತಿತ್ತು. ಸಿಂದಗಿಗೆ ಬಂದಾಗ ಅದು ಪೂರ್ತಿ ಬಾಟಲಿಯಾಯಿತು. ಮುದ್ದೇಬಿಹಾಳದ ಒಂದು ಮನೆಯವರು ಮುಂದಿನ ವಾರ ಹೆಣ್ಣು ನೋಡಲು ಬರಬೇಡಿ ಎಂದು ಫೋನ್ ಮಾಡಿ, ಆರೋಗ್ಯ ನೋಡಿಕೊಳ್ಳಿ ಎಂದೂ ಸೇರಿಸಿದರು. ಅವನು ಹಿಂದೆ ಜೋಡಿಸಿದ್ದ ಗಂಡಂದಿರನ್ನು ಹೆಂಡಿರು ಹೊಸದಾಗಿ ಮೂಸಿ ನೋಡತೊಡಗಿದರಂತೆ. ನಬಿಲಾಲನಿಗೆ ಈಗ ಎರಡು ಭಯ. ಸ್ಕ್ಯಾನು ಗಟ್ಟಿ ಎಂದರೆ ಜೀವ ಹೋಗುತ್ತದೆ; ಮೆತ್ತಗಿದೆ ಎಂದರೂ ಜಬಾನು ಹೋಗಿಯೇ ಇದೆ. ಅದಕ್ಕಿಂತ ಹೆಚ್ಚಾಗಿ, ಪರದೆಯ ಹಿಂದೆ ಬಿಕ್ಕಿದ ಹುಡುಗಿಯ ಸಪ್ಪಳ ಅವನ ಕಿವಿ ಬಿಟ್ಟು ಹೋಗಲಿಲ್ಲ.

ತಾರೀಖು ಬಂದ ದಿನ ಅವನು ವಿಜಯಪುರದ ದವಾಖಾನೆಯಲ್ಲಿ ಅಂಗಾತ ಮಲಗಿದ. ಪಕ್ಕೆಯ ಮೇಲೆ ಮಷಿನ್ನಿನ ಮೂತಿ ಇಟ್ಟು ಹತ್ತು ಸಲ ಟಕ್ ಟಕ್ ಎಂದು ತಟ್ಟಿದರು. ಬಾಗಿಲು ತಟ್ಟಿದಂತಿತ್ತು. ಒಳಗಿನವರು ಏನೆನ್ನುತ್ತಾರೋ ಎಂದು ಅವನು ಕಣ್ಣು ಮುಚ್ಚಿ ಮಲಗಿದ. ಸಂಜೆ ಶ್ರೀಶೈಲ ಡಾಕ್ಟರು ವರದಿ ಓದಿದರು.

"ಗಟ್ಟಿ ಆಗಿಲ್ಲ. ಕೊಬ್ಬು ಮಾತ್ರ ಭರ್ಜರಿ ಐತಿ. ಈಗ ಎಚ್ಚರ ಆದ್ರ ಲಿವರ್ ತಾನಽ ಸುಧಾರಿಸ್ತೈತಿ. ಆರು ತಿಂಗಳಿಗೆ ಮತ್ತ ತೋರಸ್ರಿ."

ನಬಿಲಾಲ ಕಣ್ಣೊರೆಸಿಕೊಂಡ. ಆಮೇಲೆ ಹತ್ತಿರ ಸರಿದು ಹೇಳಿದ: "ಡಾಕ್ಟರ್, ಒಂದ್ ಉಪಕಾರ ಮಾಡ್ರಿ. ಇಂವಾ ಕುಡಿಯಂಗಿಲ್ಲ ಅಂತ ಈ ಕಾಗದದ ಮ್ಯಾಲ ಬರದು, ಶಿಕ್ಕಾ ಹೊಡದು ಕೊಡ್ರಿ."

"ಅದು ಮಷಿನ್ನಿಗೆ ತಿಳಿಯಂಗಿಲ್ಲ, ಸಾಹೇಬ್ರ. ಕೊಬ್ಬು ಎಷ್ಟೈತಿ ಅಂತ ಹೇಳತೈತಿ. ಯಾರ ಮನ್ಯಾಗ ತಿಂದು ಬಂತು ಅಂತ ಹೇಳಂಗಿಲ್ಲ."

ಡಾಕ್ಟರು ನಗೆಮಾತಾಗಿ ಹೇಳಿದ್ದು. ನಬಿಲಾಲ ಮನೆಗೆ ಬಂದು ಅದನ್ನೇ ಮತ್ತೆ ಮತ್ತೆ ನೆನೆಸಿದ. ಮಷಿನ್ನಿಗೆ ತಿಳಿಯದಿರಬಹುದು, ತನಗೆ ತಿಳಿದಿದೆಯಲ್ಲ! ಮರುದಿನ ಸಿಂದಗಿಗೆ ಹೋಗಿ, ಮಂಜೂರನ ಸಿಟ್ಟಿನ ಮಾತುಗಳನ್ನೆಲ್ಲ ಕೇಳಿಸಿಕೊಂಡು, ಅವನನ್ನು ಕೈಹಿಡಿದು ಬಾಗೇವಾಡಿಗೆ ಕರೆದೊಯ್ದ. ಅಖ್ತರಬೇಗಂ ಬಾಗಿಲಲ್ಲಿಯೇ ನಿಂತು, "ಮತ್ತ ಯಾಕ ಬಂದಿ?" ಎಂದಳು.

"ಖಾಲಾ, ಕಾಗದ ತಂದಿಲ್ಲ. ಲೆಕ್ಕಾ ಒಪ್ಪಸಾಕ ಬಂದೇನಿ," ಎಂದು ನಬಿಲಾಲ ಕಟ್ಟೆಯ ಮೇಲೆ ಕುಳಿತ. "ನಿಮ್ಮ ಹಿರೇಮಗಳು ನಸ್ರೀನಂದು ಸಂಬಂಧ ಗಟ್ಟಿ ಆದ ದಿನ ಶೀರ್ ಖುರ್ಮಾ. ಎಷ್ಟು ಬಟ್ಟಲಾ ಕುಡಿಸಿದ್ರಿ?"

"ನೆನಪಿಲ್ಲ ನನಗ."

"ಐದು. ಆರನೇದಕ್ಕ ಒಲ್ಲೆ ಅಂದೆ. ನೀವು ಸೆರಗು ಬಾಯಿಗೆ ಹಿಡದು ಅತ್ರಿ. ಅದನ್ನೂ ಕುಡದೆ. ನಡುವಿನಾಕಿ ಮದವ್ಯಾಗ ಗೋದಿ ಹುಗ್ಗಿ; ತುಪ್ಪಾ ನೀವಽ ಕೈಯಾರೆ ಸುರವಿದ್ರಿ. ನಿಮ್ಮ ತಮ್ಮನ ಮನ್ಯಾಗ ಖೀರು. ನಾ ಕುಡದಿದ್ದು ಇಷ್ಟಽ ಖಾಲಾ. ಈ ಹೊಟ್ಟ್ಯಾಗ ನಾಲ್ಕು ತಾಲೂಕಿನವ್ರ ಶಿರಾ ಐತಿ; ಅದರಾಗ ಎಲ್ಲಾಕ್ಕಿಂತ ದೊಡ್ಡ ಪಾಲು ನಿಮ್ಮದು." ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಸೇರಿಸಿದ: "ತಪ್ಪು ನಂದೂ ಐತಿ. ಹಾಕಿದವ್ರು ನೀವು, ಬಾಯಿ ತೆರದಾಂವ ನಾನಽ."

ಅಖ್ತರಬೇಗಮಳಿಗೆ ಆರನೆಯ ಬಟ್ಟಲು ನೆನಪಾಗಿರಬೇಕು. ತುಟಿ ಅಲುಗಿತು.

"ಮಂಜೂರಭಾಯ್," ಎಂದಳು ಕೊನೆಗೆ, "ನನ್ನ ಗಂಡನ್ನ ನೋಡೇನಿ, ಮಗನ್ನ ನೋಡೇನಿ. ಕುಡಿಯೋರಿಗೆ ಸಿಹಿ ಸೇರಂಗಿಲ್ಲ. ಒಂದ್ ಚಮಚಾ ಇಟ್ರ ಉಗಳತಾರ. ಇಂವಾ ಆರು ಬಟ್ಟಲಾ ಕುಡದು ಬಟ್ಟಲಾನೂ ಬಳದ ಮನಶ್ಯಾ. ಇವನ ಹೊಟ್ಟ್ಯಾಗ ಸೆರೆ ಹನಿ ಬಿದ್ದಿಲ್ಲ. ಇದಕ್ಕ ನಾ ಸಾಕ್ಷಿ."

ಮೂರು ಪರೀಕ್ಷೆ, ಎರಡು ಊರಿನ ದವಾಖಾನೆ, ಒಂದು ದೊಡ್ಡ ಮಷಿನು ಹೇಳಲಾಗದ ಮಾತನ್ನು ಮುದುಕಿ ಕಟ್ಟೆಯ ಮೇಲೆ ನಿಂತು ಹೇಳಿಬಿಟ್ಟಳು. ವೈದ್ಯಶಾಸ್ತ್ರ ಇದನ್ನು ಒಪ್ಪುತ್ತದೋ ಇಲ್ಲವೋ, ನಾಲ್ಕು ತಾಲ್ಲೂಕು ಒಪ್ಪಿತು. ಮಂಜೂರ ತಲೆ ತಗ್ಗಿಸಿ ನಕ್ಕ. ಒಳಗಿನಿಂದ ತಟ್ಟೆಗಳ ಸಪ್ಪಳ ಕೇಳಿಸಿತು. ನಬಿಲಾಲ ಕಟ್ಟೆಯ ತುದಿಗೆ ಸರಿದ.

ಆದರೆ ಪರದೆ ಸರಿಸಿ ಬಂದ ಮೆಹನಾಜ ಎಲ್ಲರ ಮುಂದೆ ಶಿರಾ ಇಟ್ಟು, ಅವನ ಮುಂದೆ ಬರಿಯ ತಟ್ಟೆಯನ್ನಿಟ್ಟಳು. ಅದರ ನಡುವೆ ಒಂದೇ ಒಂದು ಒಣದ್ರಾಕ್ಷಿ.

"ಚಾಚಾ, ಇದನ್ನಾರ ಖಾಲಿ ಮಾಡ್ರಿ. ತಟ್ಟಿ ಸರಿಸಿದ್ರ ಈ ಸಲ ನಾ ಸುಮ್ನ ಬಿಡಂಗಿಲ್ಲ."

ನಬಿಲಾಲ ಬಿಸ್ಮಿಲ್ಲಾ ಎಂದು ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡು, ಶಿರಾದಷ್ಟೇ ಹೊತ್ತು ಅಗಿದ. ತಟ್ಟೆ ಬರಿದಾಯಿತು. ಸಂಬಂಧ ಗಟ್ಟಿಯಾಯಿತು.

ಈಗ ಮೆಹನಾಜ ಸಿಂದಗಿಯಲ್ಲಿದ್ದಾಳೆ. ಅವಳ ಮಾವ ಮಂಜೂರ ಯಾರಿಗೂ ತಿಳಿಯದಂತೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಂಡಿದ್ದಾನೆ. ಹಾಗಾಗಿ ಸಿಂದಗಿಗೆಲ್ಲ ಗೊತ್ತು. ನಬಿಲಾಲ ಸಂಬಂಧಕ್ಕೆ ಹೋದ ಮನೆಗಳಲ್ಲಿ ಈಗ ಅವನ ತಟ್ಟೆಗೆ ಒಂದು ಒಣದ್ರಾಕ್ಷಿ ಬರುತ್ತದೆ. "ಇನ್ನೊಂದ್ ಚಾಚಾ, ನನ್ನ ಮ್ಯಾಲಿನ ಆಣಿ" ಎಂದರೆ ಇನ್ನೊಂದು ದ್ರಾಕ್ಷಿ. ಅಖ್ತರಬೇಗಂ ಮಾತ್ರ ಒಮ್ಮೆ ಅದನ್ನು ತುಪ್ಪದಲ್ಲಿ ಹುರಿದು ಕೊಟ್ಟಿದ್ದಳು.

ಅಳತೆ ಕೊಡಲು ಬಂದ ಗಂಡಸರ ಸೊಂಟ ನಲವತ್ತು ದಾಟಿದ್ದರೆ ನಬಿಲಾಲ ಟೇಪನ್ನು ಅಲ್ಲಿಯೇ ಹಿಡಿದು, "ಒಮ್ಮಿ ಶ್ರೀಶೈಲ ಡಾಕ್ಟರ್ ಕಡೆ ಹೋಗಿ ಬರ್ರಿ, ಆಮ್ಯಾಲ ಹೊಲಿತೇನಿ" ಎನ್ನುತ್ತಾನೆ. ಎರಡು ಗಿರಾಕಿಗಳು ಬೇರೆ ಟೇಲರನನ್ನು ಹುಡುಕಿಕೊಂಡಿದ್ದಾರೆ. ಅವನಿಗೇನೂ ಬೇಸರವಿಲ್ಲ.

ಎಂಟು ಕಿಲೋದಲ್ಲಿ ಐದು ಇಳಿದಿದೆ. ಆರು ತಿಂಗಳ ಸ್ಕ್ಯಾನು ಬರುವ ತಿಂಗಳಿಗಿದೆ. ದಿನವೂ ಸಂಜೆ ನಡೆದು ಬಂದು ಬೆವರು ಒರೆಸಿಕೊಳ್ಳುತ್ತ ಅವನು ತನ್ನ ಹಳೆಯ ಪ್ಯಾಂಟುಗಳನ್ನು ಒಂದೊಂದಾಗಿ ಮಷಿನ್ನಿನ ಪಕ್ಕಕ್ಕೆ ಇಟ್ಟುಕೊಳ್ಳುತ್ತಾನೆ. ಹಿಂದೆ ಒಂದೊಂದೇ ಬೆರಳಗಲ ಬಿಡುತ್ತ ಬಂದ ಬಟ್ಟೆಯನ್ನು ಈಗ ಒಂದೊಂದೇ ಬೆರಳಗಲ ಒಳಗೆ ಮಡಿಸಿ ಹೊಲಿಯುತ್ತಾನೆ. ಅದೂ ಕೈಯಿಂದ ಹಾಕಿದ ಕಚ್ಚಾ ಹೊಲಿಗೆ, ಎಳೆದರೆ ಬಿಚ್ಚುವಂಥದ್ದು. "ಮಷಿನ್ ಹೊಡೀಬಾರ್ದೇನ್ರಿ?" ಎಂದು ರಾಜಬಿ ಕೇಳಿದರೆ, ಬಾಯಲ್ಲಿ ಕಚ್ಚಿದ ದಾರವನ್ನು ತೆಗೆದು ಅವನು ಹೇಳುತ್ತಾನೆ: "ಪಕ್ಕಾ ಹೊಲಿಗಿ ರಿಪೋರ್ಟ್ ಬಂದ ಮ್ಯಾಲ."